ಟೋಟಲ್ ನೋಡಿ ಖುಷಿಪಡಬೇಡಿ: ಲಿಪಿಡ್ ರಿಪೋರ್ಟ್ ಓದುವುದು ಹೀಗೆ

ಬಳ್ಳಾರಿಯ ಯಾವ ಲ್ಯಾಬಿನ ಮುಂದೆ ನಿಂತರೂ ಇದೇ ಕಥೆ. ಲಿಪಿಡ್ ರಿಪೋರ್ಟ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಯ ಹಾಳೆ, ಕೈಗೆ ಬರುತ್ತದೆ. ಮೊದಲ ಸಾಲಿನ ಟೋಟಲ್ ಕೊಲೆಸ್ಟ್ರಾಲ್ 200ರ ಒಳಗಿದ್ದರೆ ಸಾಕು, ಹಾಳೆ ಮಡಚಿ ಜೇಬಿಗೆ, ಕಾಲು ಸೀದಾ ಒಗ್ಗರಣೆ-ಮಿರ್ಚಿ ಅಂಗಡಿಗೆ. ಕೆಳಗಿನ ಸಾಲುಗಳನ್ನು ಓದುವವರೇ ಇಲ್ಲ.

ರಕ್ತ ಕೊಡುವುದರಲ್ಲಿ ಕಷ್ಟವೇನಿಲ್ಲ. ರಾತ್ರಿ ಊಟವಾಗಿ 10-12 ಗಂಟೆ ಬಿಟ್ಟು ಹೋಗಿ. ನೀರು ಕುಡಿಯಬಹುದು, ಚಹಾ ಬೇಡ.

ಆಮೇಲೆ ಪೆನ್ನು ಹಿಡಿಯಿರಿ. ಟೋಟಲ್‌ನಲ್ಲಿ ಎಚ್‌ಡಿಎಲ್, ಅಂದರೆ ಜನ ‘ಒಳ್ಳೆಯ’ ಕೊಲೆಸ್ಟ್ರಾಲ್ ಅನ್ನುವುದನ್ನು, ಕಳೆಯಿರಿ. ಉಳಿದದ್ದು ನಾನ್-ಎಚ್‌ಡಿಎಲ್. ಟೋಟಲ್ 198, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 240 ಇದೆ ಅನ್ನಿ. 198ರಲ್ಲಿ 32 ಹೋದರೆ 166. ಇದು ಸಾಮಾನ್ಯವಾಗಿ 130ರ ಕೆಳಗಿರಬೇಕು. ಟೋಟಲ್ ನಾರ್ಮಲ್, ಒಳಗಿನ ಲೆಕ್ಕ ಮಾತ್ರ ಕೆಟ್ಟಿದೆ! ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಆ 166ರಲ್ಲಿ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು, ಅಂದರೆ 48, ಕಳೆದರೆ ಎಲ್‌ಡಿಎಲ್ 118. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಲೆಕ್ಕ ನಂಬಬೇಡಿ, ನೇರವಾಗಿ ಅಳೆಯುವ ‘ಡೈರೆಕ್ಟ್ ಎಲ್‌ಡಿಎಲ್’ ಮಾಡಿಸಿ.

ಇಷ್ಟೆಲ್ಲ ಯಾಕೆ ಅಂದರೆ, ಕೊಬ್ಬು ರಕ್ತದಲ್ಲಿ ಕರಗುವುದಿಲ್ಲ. ಪ್ರೋಟೀನ್ ಸುತ್ತಿದ ಸಣ್ಣ ಕಣಗಳಲ್ಲಿ ಓಡಾಡುತ್ತದೆ. ನಾನ್-ಎಚ್‌ಡಿಎಲ್ ಲೆಕ್ಕದಲ್ಲಿ ಬರುವ ಎಲ್‌ಡಿಎಲ್ ಮತ್ತು ಅದರ ಬಳಗದ ಕಣಗಳ ಮೈಮೇಲೆ ಅಪೊ-ಬಿ ಎಂಬ ಪ್ರೋಟೀನ್ ಇರುತ್ತದೆ. ಇವು ರಕ್ತನಾಳದ ಒಳಪದರ ದಾಟಿ ಗೋಡೆಯೊಳಗೆ ನುಸುಳಿ ಅಲ್ಲೇ ಅಂಟಿಕೊಳ್ಳುತ್ತವೆ. ಅಲ್ಲಿ ಆಕ್ಸಿಡೈಸ್ ಆಗಿ ಕೆಡುತ್ತವೆ. ಅದನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ನುಂಗಿ ನುಂಗಿ ಉಬ್ಬಿ, ಅಲ್ಲೇ ಸಾಯುತ್ತವೆ. ಆ ರಾಶಿಯ ಮೇಲೆ ನಾರಿನ ಮುಚ್ಚಳ ಬೆಳೆಯುತ್ತದೆ. ಪೈಪಿನೊಳಗೆ ಜಿಡ್ಡು ಕಟ್ಟಿದ ಹಾಗೆ ಅಂತ ಜನ ಹೇಳುವುದು ತಪ್ಪು, ಕೆಡುವುದು ಗೋಡೆಯೇ. ಮೊದಮೊದಲು ನಾಳ ಹೊರಕ್ಕೆ ಹಿಗ್ಗಿ ಸರಿದೂಗಿಸುತ್ತದೆ. ಹಾಗಾಗಿ ವರ್ಷಗಟ್ಟಲೆ ನೋವು ಇರುವುದಿಲ್ಲ. ಎಷ್ಟೋ ಸಲ ಆ ಮುಚ್ಚಳ ಹರಿದು, ಮೇಲೆ ರಕ್ತ ಹೆಪ್ಪುಗಟ್ಟಿದಾಗಲೇ ಗೊತ್ತಾಗುವುದು. ಹಾರ್ಟ್ ಅಟ್ಯಾಕ್ ಅಂದರೆ ಹೆಚ್ಚಾಗಿ ಇದೇ. ಬಿಪಿ, ಶುಗರ್, ಬೀಡಿ ಜೊತೆಗಿದ್ದರೆ ಇದೆಲ್ಲ ಇನ್ನೂ ಬೇಗ.

ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್ ರೇಂಜ್’ ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಾಗಿರುವವರಿಗೆ ಎಲ್‌ಡಿಎಲ್ 100ರ ಒಳಗಿದ್ದರೆ ಒಳ್ಳೆಯದು. ಸ್ಟೆಂಟ್ ಹಾಕಿಸಿಕೊಂಡವರಿಗೆ 70ಕ್ಕಿಂತ ಕಡಿಮೆ ಬೇಕು, 55 ಕೇಳುವ ಡಾಕ್ಟರುಗಳೂ ಇದ್ದಾರೆ.

ಜನ ಜಾಸ್ತಿ ಎಡವುವುದು ಮಾತ್ರೆ ವಿಷಯದಲ್ಲಿ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಸ್ಟ್ಯಾಟಿನ್ ನುಂಗಿದ್ದಕ್ಕೇ ಎಲ್‌ಡಿಎಲ್ ಇಳಿದಿರುತ್ತದೆ. ‘ನಾರ್ಮಲ್ ಬಂತಲ್ಲ’ ಅಂತ ಸುಮ್ನೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಅದರ ಬದಲು ಬೆಳ್ಳುಳ್ಳಿ ಕ್ಯಾಪ್ಸೂಲ್ ಸಾಕು ಅನ್ನುವವರ ಮಾತು ಕೇಳಲೇಬೇಡಿ. ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆದ ಎಣ್ಣೆಗೆ ಹೆಚ್ಚು ದುಡ್ಡು ಕೊಡುವುದೂ ದಂಡ. ಶೇಂಗಾ ಇರಲಿ, ಸೂರ್ಯಕಾಂತಿ ಇರಲಿ, ಗಿಡದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಕೇಳಿದರೆ ಶೇಂಗಾ ಎಣ್ಣೆಯೇ ಸರಿ, ಅಳತೆಯಲ್ಲಿ. ಬೆಳಗ್ಗೆಯಿಂದ ಅದೇ ಎಣ್ಣೆ ಕಾಯಿಸುವ ಬಂಡಿಯ ಮಿರ್ಚಿ ಬೇಡ. ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಸಕ್ಕರೆ, ಸಾರಾಯಿ ಪಾಲು ದೊಡ್ಡದು.

ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಅಟ್ಯಾಕ್ ಆಗಿದ್ದರೆ ಲೈಪೋಪ್ರೋಟೀನ್(ಎ) ಎಂಬ, ಎಲ್‌ಡಿಎಲ್ ತರಹದ್ದೇ ಇನ್ನೊಂದು ಕಣದ ಪರೀಕ್ಷೆ ಒಮ್ಮೆ ಮಾಡಿಸಿ. ಅದು ಬಹುಪಾಲು ಹುಟ್ಟಿನಿಂದಲೇ ಬರುವುದು, ಮತ್ತೆ ಮತ್ತೆ ನೋಡಬೇಕಿಲ್ಲ. ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಇರುವುದಿಲ್ಲ, ಚೀಟಿಯಲ್ಲಿ ಬೇರೆಯಾಗಿಯೇ ಬರೆಸಬೇಕು.