ಕಾಡುಕೋಳಿ ನೋಡಬೇಕಾ? ಮೊದಲು ಎಲೆಯ ಸದ್ದು ಕೇಳಿ

ಧಾರವಾಡದಿಂದ ಕಲಘಟಗಿ ಕಡೆ ಹೋದರೆ ಸಾಗವಾನಿ, ಬಿದಿರಿನ ಕಾಡು ಸಿಗುತ್ತದೆ. ನಮ್ಮ ಅಜ್ಜಿಯ ಊರು ಅಲ್ಲೇ. ರಜೆ ಸಿಕ್ಕಾಗಲೆಲ್ಲ ನಸುಕಿನಲ್ಲೇ ಬೈಕ್ ತೆಗೆಯುತ್ತೇನೆ, ಬೂದು ಕಾಡುಕೋಳಿ ನೋಡಲು.

ಬೆಳಕು ಹರಿಯುವ ಮೊದಲೇ ಕಾಡಿನ ಅಂಚು ಮುಟ್ಟಬೇಕು. ಗಾಡಿ ಹೊಲದ ಬದುವಿನಲ್ಲೇ ಬಿಡಿ. ಬಿಳಿ ಅಂಗಿ ಬೇಡ. ಹುಂಜದ ಕೂಗು ಜವಾರಿ ಹುಂಜದ ಹಾಗೆ ಉದ್ದಕ್ಕೆ ಎಳೆಯುವುದಿಲ್ಲ. ‘ಕುಕ್, ಕಾಯ-ಕ್ಯುಕ್-ಕ್ಯುಕ್’ ಅಂತ ತುಂಡು ತುಂಡಾಗಿ ಬರುತ್ತದೆ.

ಕೂಗಿನ ಹಿಂದೆ ಓಡಬೇಡಿ. ಬಿದಿರು ಮೆಳೆಯ ಹತ್ತಿರ ಸುಮ್ನೆ ಕೂತುಬಿಡಿ. ಫೆಬ್ರವರಿಯಲ್ಲಿ ಉದುರಿದ ಸಾಗವಾನಿ ಎಲೆ ಹಪ್ಪಳದ ಹಾಗಿರುತ್ತದೆ. ಚರಕ್, ಚರಕ್, ಆಮೇಲೆ ನಿಶ್ಶಬ್ದ. ಮತ್ತೆ ಚರಕ್, ಚರಕ್. ಅದೇ ಕೋಳಿ. ಕಾಲಿಂದ ಕೆದರುತ್ತದೆ, ಒಂದು ಹೆಜ್ಜೆ ಹಿಂದೆ ಸರಿದು ಗೆದ್ದಲು, ಬೀಜ ಹೆಕ್ಕುತ್ತದೆ, ಕತ್ತೆತ್ತಿ ಸುತ್ತ ನೋಡುತ್ತದೆ. ಕತ್ತು ಬಗ್ಗಿಸಿದಾಗ ಮಾತ್ರ ನೀವು ದುರ್ಬೀನು ಎತ್ತಬೇಕು.

ಹುಂಜ ಸಿಕ್ಕರೆ ಮೊದಲು ಕೊರಳು ನೋಡಿ. ಕಪ್ಪು ಗರಿಗಳ ಮೇಲೆ ಬಿಳಿ, ಹಳದಿ ಚುಕ್ಕೆ. ಮೇಣದ ಹನಿ ಬಿದ್ದು ಗಟ್ಟಿಯಾದ ಹಾಗೆ ಹೊಳೆಯುತ್ತವೆ. ಮೈ ಬೂದು, ಬಾಲ ಕುಡುಗೋಲಿನಂತೆ ಬಾಗಿದ ಕಪ್ಪು, ಬಿಸಿಲು ಬಿದ್ದರೆ ನೇರಳೆ ಮಿಂಚು. ಹೆಣ್ಣು ಕಂದು. ಎದೆ, ಹೊಟ್ಟೆಯ ಬಿಳಿ ಗರಿಗಳಿಗೆ ಕಪ್ಪು ಅಂಚು, ಹಾಗಾಗಿ ಮೀನಿನ ಹುರುಪೆಯಂತೆ ಕಾಣುತ್ತದೆ. ಈ ಹಕ್ಕಿ ಭಾರತದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಮನೆ ಕೋಳಿಗಳ ಹಳದಿ ಕಾಲು ಈ ಜಾತಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಜ್ಜಿಯ ಅಂಗಳದ ಕೋಳಿ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಒಂದು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಒಮ್ಮೆ ಮೊಬೈಲಿನಲ್ಲಿ ಹುಂಜದ ಕೂಗು ಹಚ್ಚಿದೆ. ಅಲ್ಲಿದ್ದ ಹುಂಜ ಮೇಯುವುದು ಬಿಟ್ಟು, ಇಲ್ಲದ ಎದುರಾಳಿಯನ್ನು ಹುಡುಕುತ್ತ ಮೆಳೆ ಸುತ್ತಿತು. ಅವತ್ತಿನಿಂದ ಹಚ್ಚಿಲ್ಲ. ಫೆಬ್ರವರಿಯಿಂದ ಮೇವರೆಗೆ ಮೊಟ್ಟೆಯಿಡುವ ಕಾಲ, ಗೂಡು ನೆಲದಲ್ಲೇ ಇರುತ್ತದೆ. ಆಗ ಕಾಲುದಾರಿ ಬಿಟ್ಟು ಪೊದೆಯೊಳಗೆ ನುಗ್ಗಲೇಬೇಡಿ. ಉರುಲು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ.

ಮಳೆಗಾಲದಲ್ಲಿ ಹೋದರೆ ಕೊರಳಿನ ಚುಕ್ಕೆ ಕಾಣದೆ ಗಲಿಬಿಲಿಯಾಗಬಹುದು. ಆಗ ಹುಂಜ ಆ ಗರಿ ಉದುರಿಸಿ ಮಂಕಾಗಿರುತ್ತದೆ. ಚಳಿ ಬಿದ್ದ ಮೇಲೆ ಹೋಗಿ.