ತೋಟ ತೋರಿಸುವಾಗ ನಾನು ಬಿಟ್ಟು ನಡೆದ ಮೂಲೆಗಳು

ತಿಪಟೂರು ತಾಲ್ಲೂಕಿನಲ್ಲಿರುವ ನಮ್ಮ ನಾಲ್ಕೂವರೆ ಎಕರೆ ಜಮೀನಿಗೆ ಪರ್ಮಾಕಲ್ಚರ್, ಅಂದರೆ ಮರ, ಬೆಳೆ, ನೀರು, ದನಕರುಗಳನ್ನು ಪ್ರಕೃತಿಯಲ್ಲಿರುವಂತೆ ಒಂದಕ್ಕೊಂದು ಹೊಂದಿಸುವ ಕೃಷಿ, ನೋಡಲೆಂದು ಬರುತ್ತಿದ್ದವರನ್ನು ನಾನು ಹಲವು ವರ್ಷ ಒಂದೇ ದಾರಿಯಲ್ಲಿ ಕರೆದೊಯ್ಯುತ್ತಿದ್ದೆ. ಗೇಟಿನ ಪಕ್ಕದ ಹೊಂಗೆ ಸಾಲು, ಅಲ್ಲಿಂದ ಮಳೆನೀರು ಇಂಗಿಸಲು ಇಳಿಜಾರಿಗೆ ಅಡ್ಡವಾಗಿ ತೋಡಿದ ಸಮಪಾತಳಿ ಕಂದಕಗಳು, ತೆಂಗಿನ ನಡುವೆ ಬಾಳೆ, ನುಗ್ಗೆ, ಕರಿಬೇವು, ಪಪ್ಪಾಯಿ ಒತ್ತಾಗಿ ಬೆಳೆದಿರುವ ಅರ್ಧ ಎಕರೆ, ಕೊನೆಗೆ ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸುವ ಜೀವಾಮೃತವೆಂಬ ದ್ರವ ಗೊಬ್ಬರದ ಡ್ರಮ್ಮು. ಪಂಪ್‌ಹೌಸು, ಅದರ ಹಿಂದೆ ರಾಶಿ ಬಿದ್ದಿದ್ದ ಹರಿದ ಡ್ರಿಪ್ ಪೈಪುಗಳು ಮತ್ತು ಸುಳಿ ಸತ್ತ ತೆಂಗಿನ ಸಸಿಗಳಿದ್ದ ಪೂರ್ವದ ಅಂಚು ಆ ದಾರಿಯಲ್ಲಿ ಎದುರಾಗುತ್ತಿರಲಿಲ್ಲ. ಬಂದವರ ಉತ್ಸಾಹ ಕುಂದಬಾರದು ಎಂಬುದು ನಾನು ನನಗೇ ಕೊಟ್ಟುಕೊಂಡಿದ್ದ ಕಾರಣ. ಆ ಕಾರಣ ಎಷ್ಟು ತಪ್ಪಾಗಿತ್ತೆಂದು 2021ರಲ್ಲಿ ಬಂದ ಒಂದು ಫೋನು ತಿಳಿಸಿತು.

ಕರೆ ಮಾಡಿದವರು ಅರಸೀಕೆರೆ ಕಡೆಯ ಯುವ ರೈತರು. ಎರಡು ವರ್ಷಗಳ ಹಿಂದೆ ಹೆಂಡತಿಯೊಂದಿಗೆ ನಮ್ಮ ತೋಟಕ್ಕೆ ಬಂದು, ಗೊಬ್ಬರದ ಗುಂಡಿಗಳನ್ನು ನಾನು ಮರಗಳ ನಡುವೆಯೇ ಇಟ್ಟಿದ್ದ ಕ್ರಮವನ್ನು ನೋಡಿ, ತಮ್ಮ ಹೊಸ ತೋಟದಲ್ಲೂ ಹಾಗೆಯೇ ಮಾಡಿದ್ದರು. ನೆಟ್ಟ 40 ತೆಂಗಿನ ಸಸಿಗಳಲ್ಲಿ 17 ಸತ್ತಿದ್ದವು. "ಅಕ್ಕಾ, ನಿಮ್ಮಲ್ಲಿ ಯಾವ ಸಸಿಗೂ ಹೀಗಾಗಲಿಲ್ವಾ?" ಎಂದು ಅವರು ಕೇಳಿದರು. ದೂರುವ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಪ್ರಶ್ನೆ. ಅವರು ನಮ್ಮ ತೋಟ ನೋಡಿಹೋದ ವರ್ಷವೇ ನನ್ನ 60 ಸಸಿಗಳಲ್ಲಿ 22 ಹೋಗಿದ್ದವು, ಅವರಿಗೆ ನಾನು ಅದನ್ನು ಹೇಳಿರಲಿಲ್ಲ.

ಸುಳಿ ಕೊರೆಯುವ ರೈನೋಸರಸ್ ದುಂಬಿಯನ್ನು ತೆಂಗು ಬೆಳೆಯುವವರೆಲ್ಲ ಬಲ್ಲರು. ಕೊಳೆಯುತ್ತಿರುವ ಸಗಣಿ, ಕಸ, ಸತ್ತ ತೆಂಗಿನ ಬೊಡ್ಡೆಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಗೊಣ್ಣೆಹುಳುಗಳು ತಿಂಗಳುಗಟ್ಟಲೆ ಅಲ್ಲಿಯೇ ತಿಂದು ಬೆಳೆದು ದುಂಬಿಗಳಾಗುತ್ತವೆ, ರಾತ್ರಿ ಹಾರಿಬಂದು ಎಳೆಯ ಸುಳಿಯನ್ನು ಕೊರೆಯುತ್ತವೆ. ಆ ಸುಳಿ ಬಿಚ್ಚಿಕೊಂಡಾಗ ಗರಿಯ ಮೇಲೆ ಕತ್ತರಿಯಿಂದ ಕತ್ತರಿಸಿದಂತಹ ಗುರುತು ಕಾಣುತ್ತದೆ. ದೊಡ್ಡ ಮರ ಅದನ್ನು ಹೇಗೋ ತಡೆದುಕೊಂಡೀತು, ಸಸಿಗೆ ಮಾತ್ರ ಬೆಳೆಯುವ ತುದಿಯೇ ಹೋದ ಮೇಲೆ ಉಳಿವಿಲ್ಲ. ತೋಟದ ಕಸ ತೋಟದಲ್ಲಿಯೇ, ಬಿದ್ದಲ್ಲಿಯೇ ಗೊಬ್ಬರವಾಗಬೇಕೆಂಬ ಮಾತನ್ನು ನಾನು ಅಕ್ಷರಶಃ ಹಿಡಿದುಕೊಂಡಿದ್ದೆ. ಸತ್ತ ಮರಗಳ ಬೊಡ್ಡೆಗಳನ್ನೂ ಹುಳುಹುಪ್ಪಟೆಗಳ ಮನೆಯೆಂದು ಕೀಳದೆ ಬಿಟ್ಟಿದ್ದೆ. "ತೆಂಗಿನ ಮಗ್ಗುಲಲ್ಲಿ ತಿಪ್ಪೆ ಇಟ್ಕೋಬ್ಯಾಡ ಕಣಮ್ಮ, ಸುಳಿಗೆ ದುಂಬಿ ಬೀಳ್ತದೆ" ಎಂದು ಮಾವನವರು ಮೊದಲ ವರ್ಷವೇ ಹೇಳಿದ್ದರು. ರಾಸಾಯನಿಕ ಕೃಷಿಗೆ ಒಗ್ಗಿಹೋದವರ ಅಂಜಿಕೆಯೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ದಶಕ ಅದೇ ನೆಲದಲ್ಲಿ ತೆಂಗು ಬೆಳೆದವರ ಅನುಭವಕ್ಕಿಂತ ಏಳು ದಿನಗಳ ಶಿಬಿರದಲ್ಲಿ ಕಲಿತದ್ದನ್ನು ಹೆಚ್ಚೆಂದು ಭಾವಿಸಿದ್ದು ನನ್ನ ತಪ್ಪುಗಳಲ್ಲೆಲ್ಲ ದೊಡ್ಡದು.

ಈಗ ತಿಪ್ಪೆ ತೋಟದ ಹೊರ ಅಂಚಿನಲ್ಲಿದೆ. ಎರಡು ತಿಂಗಳಿಗೊಮ್ಮೆ ಅದನ್ನು ಕೆದಕಿ ಗೊಣ್ಣೆಹುಳುಗಳನ್ನು ಹೆಕ್ಕಿ ಕೋಳಿಗಳಿಗೆ ಹಾಕುತ್ತೇವೆ, ಮಳೆಗಾಲದಲ್ಲಿ ಅದಕ್ಕೆ ಆ ಹುಳುಗಳಿಗೆ ರೋಗ ತಂದು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸುತ್ತೇವೆ. ಸಸಿಗಳ ಒಳಗಿನ ಗರಿಗಳ ಸಂದಿಗೆ ಬೇವಿನ ಹಿಂಡಿ ಮತ್ತು ಮರಳಿನ ಮಿಶ್ರಣ ತುಂಬುತ್ತೇವೆ. ಸುಳಿಯಲ್ಲಿ ರಂಧ್ರ ಕಂಡರೆ ಕೊಕ್ಕೆ ತಂತಿಯಿಂದ ದುಂಬಿಯನ್ನು ಎಳೆದು ತೆಗೆಯುತ್ತೇವೆ. ಇಷ್ಟಾದರೂ ಕಳೆದ ವರ್ಷ ಮೂರು ಸಸಿಗಳು ಸತ್ತವು.

ನೀರಿನ ವಿಷಯದಲ್ಲಿ ನಾನು ಹೇಳುತ್ತಿದ್ದುದು ಅರ್ಧ ಸತ್ಯ. ಕಂದಕಗಳು ಮಳೆನೀರನ್ನು ಹಿಡಿಯುತ್ತವೆ ಎಂಬುದು ನಿಜ, ಆ ನೀರಿನಿಂದಲೇ ತೋಟ ಉಳಿದಿದೆ ಎಂಬುದು ನಿಜವಲ್ಲ. 2016ರ ಬರಗಾಲದಲ್ಲಿ ಹಳೆಯ ಬೋರ್‌ವೆಲ್ ಬತ್ತಿದಾಗ ನಾವು ಎರಡನೆಯದನ್ನು ಕೊರೆಸಿದೆವು, ಅದರ ಮಾತನ್ನು ನಾನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಅದರ ಜೊತೆಗೆ ಆಟೋ ಸ್ಟಾರ್ಟರ್ ಇದ್ದರೆ ತ್ರೀ ಫೇಸ್ ಕರೆಂಟು ಬಂದೊಡನೆ ಮೋಟಾರು ತಾನಾಗಿಯೇ ಓಡುತ್ತದೆ, ಹೋಗುವವರೆಗೂ ನಿಲ್ಲುವುದಿಲ್ಲ. ಒಂದು ದಿನ 200 ಲೀಟರಿನ ಡ್ರಮ್ಮನ್ನು ಪೈಪಿನ ಕೆಳಗಿಟ್ಟು ನೋಡಿದೆ. ಎರಡು ನಿಮಿಷಕ್ಕೆ ತುಂಬಿತು. ಅಂದರೆ ಗಂಟೆಗೆ 6,000 ಲೀಟರ್, ದಿನಕ್ಕೆ ಆರು ಗಂಟೆ ಓಡಿದರೆ 36,000. ನಮ್ಮ 150 ಮರಗಳಿಗೆ ಬೇಸಿಗೆಯಲ್ಲೂ ದಿನಕ್ಕೆ ತಲಾ 50 ಲೀಟರ್ ಎಂದು ಹಿಡಿದರೆ ಬೇಕಾದದ್ದು 7,500 ಲೀಟರ್ ಮಾತ್ರ. ಬಾಳೆ, ತರಕಾರಿಗಳ ಪಾಲನ್ನು ಸೇರಿಸಿದರೂ ನಾನು ಅಗತ್ಯದ ಮೂರು ಪಟ್ಟಿಗಿಂತ ಹೆಚ್ಚು ನೀರನ್ನು ನೆಲದೊಳಗಿಂದ ಎತ್ತುತ್ತಿದ್ದೆ. ಆಟೋ ಸ್ಟಾರ್ಟರನ್ನು ಈಗ ಕಳಚಿ ಇಟ್ಟಿದ್ದೇನೆ, ಕೈಯಿಂದ ಸ್ವಿಚ್ ಹಾಕಿ ಎರಡು ಗಂಟೆ ಹೊತ್ತು ಓಡಿಸಿ ನಿಲ್ಲಿಸುತ್ತೇವೆ. ರಾತ್ರಿ ಪಾಳಿಯ ಕರೆಂಟು ಬಂದಾಗ ಎದ್ದು ಹೋಗಲಾರದೆ ಬಿಟ್ಟ ದಿನಗಳೂ ಇವೆ.

ಮನೆಯೊಳಗಿನ ಕೊರತೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಮ್ಮ ಎರಡು ಹಸುಗಳಿಂದ ಸಿಗುತ್ತಿದ್ದುದು 20 ಕಿಲೋ, ಅದರಲ್ಲಿಯೂ ಜೀವಾಮೃತಕ್ಕೆ ಪಾಲು. ಕಟ್ಟಿಸುವ ಮೊದಲೇ ಈ ಲೆಕ್ಕ ಹಾಕಬಹುದಿತ್ತು. ಅದು ಒಂದೇ ವರ್ಷಕ್ಕೆ ನಿಂತುಹೋಯಿತು, ಅಡುಗೆ ಸಿಲಿಂಡರಿನಲ್ಲಿಯೇ ಆಗುತ್ತಿದೆ. ಅಳಿಲು, ಇಲಿಗಳು ಕಡಿದ ಡ್ರಿಪ್ ಪೈಪುಗಳಿಗೆ ಗುಜರಿಯವರನ್ನು ಬಿಟ್ಟರೆ ಬೇರೆ ದಾರಿ ನನಗಿನ್ನೂ ಸಿಕ್ಕಿಲ್ಲ.

ಹೇಳಲು ಹೆಚ್ಚು ಕಷ್ಟವಾಗುವುದು ಕೂಲಿಯ ವಿಷಯ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ಪರ್ಮಾಕಲ್ಚರಿಗೆ ಮೂರು ನೀತಿಗಳನ್ನು ಹೇಳುತ್ತಾರೆ: ಭೂಮಿಯ ಆರೈಕೆ, ಜನರ ಆರೈಕೆ, ನ್ಯಾಯದ ಹಂಚಿಕೆ. ಮೊದಲನೆಯದರ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಆದರೆ ಊರಿನಲ್ಲಿ ಗಂಡಾಳಿಗೆ 500, ಹೆಣ್ಣಾಳಿಗೆ 250 ರೂಪಾಯಿ ನಡೆಯುತ್ತಿದ್ದಾಗ ನಾನೂ ಅದನ್ನೇ ಕೊಡುತ್ತಿದ್ದೆ. ಕಳೆ ತೆಗೆಯುವುದು, ನೆಲದ ಮುಚ್ಚಿಗೆಗೆ ಸೊಪ್ಪು ಕೊಯ್ದು ಹೊರುವುದು, ರಾಗಿಯ ನಡುನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬೇರೆ ಬೇರೆ ದಿನ ಕೊಯ್ಯುವುದು, ಇವೆಲ್ಲವನ್ನೂ ಮಾಡುತ್ತಿದ್ದವರು ಹೆಂಗಸರು. ನಾನು ಹೆಮ್ಮೆಯಿಂದ ತೋರಿಸುತ್ತಿದ್ದ ಬೆಳೆ ವೈವಿಧ್ಯ ನಿಂತಿದ್ದುದು ಅವರ ಅರ್ಧ ಕೂಲಿಯ ಮೇಲೆ. ದರ ಏರಿಸಿದರೆ ಅಕ್ಕಪಕ್ಕದ ಹೊಲದವರಿಗೆ ತೊಂದರೆಯಾದೀತು ಎಂದು ಸಮಾಧಾನ ಹೇಳಿಕೊಂಡಿದ್ದೆ. 2022ರಿಂದ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡುತ್ತಿದ್ದೇವೆ. ಅಂದುಕೊಂಡಂತೆ ಇಬ್ಬರು ನೆರೆಯವರು ಬೇಸರಪಟ್ಟುಕೊಂಡರು, ಒಬ್ಬರು ಇಂದಿಗೂ ಸರಿಯಾಗಿ ಮಾತಾಡುವುದಿಲ್ಲ. ವರ್ಷಪೂರ್ತಿ ಕೆಲಸ ಕೊಡುವುದು ಮಾತ್ರ ನನ್ನಿಂದ ಇನ್ನೂ ಆಗಿಲ್ಲ.

ಇನ್ನೊಂದು ಸಂಗತಿಯನ್ನು, ಕೆಲಸ ಬಿಟ್ಟು ಊರಿಗೆ ಮರಳಬೇಕೆಂದು ಕೇಳಲು ಬರುವವರಿಗೆ ಈಗ ಮೊದಲೇ ಹೇಳುತ್ತೇನೆ. 2013ರಿಂದ ಏಳು ವರ್ಷ ನಮ್ಮ ಮನೆಯನ್ನು ನಡೆಸಿದ್ದು ಬೆಂಗಳೂರಿನಲ್ಲಿದ್ದ ನನ್ನ ಗಂಡನ ಸಂಬಳ. ಮಗಳ ಶುಲ್ಕ, ಬೋರ್‌ವೆಲ್ಲಿನ ಖರ್ಚು, ಬೇಲಿ ಎಲ್ಲವೂ ಅದರಿಂದಲೇ ಬಂದವು. ಜಮೀನು ನಮ್ಮನ್ನು ಸಾಕುತ್ತಿದೆ ಎಂದು ನಾನು ಹೇಳಿದ್ದನ್ನು ನಂಬಿ ಯಾರಾದರೂ ರಾಜೀನಾಮೆ ಕೊಟ್ಟಿದ್ದರೆ ಅವರಲ್ಲಿ ಕ್ಷಮೆ ಕೇಳುವುದು ನನ್ನ ಕರ್ತವ್ಯ. ಈಗ ಕೊಬ್ಬರಿ ಮತ್ತು ಬಾಳೆಯಿಂದ ಮನೆಖರ್ಚು ನಡೆಯುತ್ತದೆ, ಆಸ್ಪತ್ರೆಯಂತಹ ದೊಡ್ಡ ಖರ್ಚು ಬಂದರೆ ಅಂದಿನ ಉಳಿತಾಯಕ್ಕೆ ಕೈಹಾಕಬೇಕಾಗುತ್ತದೆ.

ಈಗ ಬಂದವರನ್ನು ಮೊದಲು ಪಂಪ್‌ಹೌಸಿಗೆ, ಆಮೇಲೆ ಪೂರ್ವದ ಅಂಚಿಗೆ ಕರೆದೊಯ್ಯುತ್ತೇನೆ. ಕಳೆದ ಬೇಸಿಗೆಯಲ್ಲಿ ಅರಸೀಕೆರೆಯ ಆ ದಂಪತಿ ಮತ್ತೆ ಬಂದಿದ್ದರು. ಮಾವನವರು ತಿಪ್ಪೆಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಎಲ್ಲಿ ಕೆದಕಬೇಕೆಂದು ತೋರಿಸುತ್ತಿದ್ದರು, ನಾವು ಮೂವರೂ ಸೇರಿ ಒಂದು ತಂಬಿಗೆ ತುಂಬ ಗೊಣ್ಣೆಹುಳುಗಳನ್ನು ಹೆಕ್ಕಿದೆವು. ಅವರು ಹೊರಡುವಾಗ ನಮ್ಮಲ್ಲಿಯೇ ಮೊಳೆಸಿದ್ದ 17 ಸಸಿಗಳನ್ನು ಅವರ ಗಾಡಿಗೆ ಹೇರಿಸಿದೆ.