ದಾರ, ತೂಕದ ಗುಂಡು, ಏಲಕ್ಕಿ ತಕ್ಕಡಿ: ಪಲ್ಪರ್ ಶೆಡ್‌ನಲ್ಲಿ ಅಜ್ಜನ ಜೀಪು ಕಟ್ಟಿದ್ದು

ಜೀಪಿನ ಚಾಸಿಸ್, ಅಂದರೆ ತಳದ ಕಬ್ಬಿಣದ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದೆವು. ಆಮೇಲೆ ಇನ್ನೊಂದು ಮೂಲೆಯಿಂದ ಹಿಡಿದೆವು. 14 ಮಿಲಿಮೀಟರ್ ವ್ಯತ್ಯಾಸ ಬಂತು. ಮತ್ತೆ ಅಳೆದೆವು. ಅದೇ 14. ಟೇಪಿನ ಆ ತುದಿ ಹಿಡಿದಿದ್ದ ಚಿಕ್ಕಪ್ಪನ ಮಗ, "ಇಷ್ಟಕ್ಕೆಲ್ಲ ಏನಾಗುತ್ತೆ ಅಣ್ಣಾ?" ಎಂದ. ಮೆಕ್ಯಾನಿಕ್ ಕಾಕಾ ತಲೆ ಎತ್ತದೆ ಹೇಳಿದರು: "ಗೌಡ್ರೇ, ಎಂಜಿನ್ ಆಮೇಲೆ ನೋಡುವ. ಮೊದಲು ಇದನ್ನ ನೇರ ಮಾಡುವ."

ನಮ್ಮ ಕಾಫಿ ತೋಟ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ. ಜೀಪು 1965ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್. ಅಜ್ಜ ಕೊಂಡಿದ್ದು. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆ ನೋವು ಬಂದ, ಕೆಲಸದವರ ಲೈನ್ ಮನೆಯ ಹೆಂಗಸರು, ಎಲ್ಲವನ್ನೂ ಅದು ಹೊತ್ತಿದೆ. 2004ರ ಮಳೆಗಾಲದಲ್ಲಿ ಹಳೆಯ ಪಲ್ಪರ್ ಶೆಡ್‌ಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ತಳ್ಳಿ ನಿಲ್ಲಿಸಿದ್ದು, ಮತ್ತೆ ಹೊರಗೆ ಬಂದಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನಾನು ಅದೇ ಶೆಡ್ಡನ್ನು ಗ್ಯಾರೇಜ್ ಮಾಡಿಕೊಂಡೆ. ಕಾಕಾ ಅಂದರೆ ಚಿಕ್ಕಮಗಳೂರಿನ ಹಿರಿಯ ಮೆಕ್ಯಾನಿಕ್. ಅಜ್ಜನ ಕಾಲದಲ್ಲಿ ಇದೇ ಜೀಪಿಗೆ ಕೈ ಹಾಕಿದವರು. ಈಗ ಅಂಗಡಿ ಮುಚ್ಚಿದ್ದಾರೆ, ಆದರೆ ಭಾನುವಾರ ಕರೆದರೆ ಬರುತ್ತಾರೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬೇಕಿದ್ದದ್ದು ಹಾಟ್ ರಾಡ್. ಹಳೆಯ ಕಾರನ್ನು ಕಳಚಿ, ಭಾರ ಇಳಿಸಿ, ಎಂಜಿನ್‌ಗೆ ಬಲ ಕೊಟ್ಟು ತನ್ನದೇ ರೂಪದಲ್ಲಿ ಕಟ್ಟಿದರೆ ಅದು ಹಾಟ್ ರಾಡ್. ಕ್ಯಾಲಿಫೋರ್ನಿಯಾದ ಹುಡುಗರು 1930ರ ದಶಕದಿಂದಲೇ ಇದನ್ನು ಮನೆಯ ಗ್ಯಾರೇಜಿನಲ್ಲಿ ಮಾಡುತ್ತಿದ್ದರು. ಒಣಗಿದ ಕೆರೆಯಂಗಳದಲ್ಲಿ ಓಡಿಸಿ ವೇಗ ಅಳೆಯುತ್ತಿದ್ದರು. 1932ರ ಫೋರ್ಡ್ ಅಂದರೆ ಅವರಿಗೆ ಪ್ರಾಣ. 65 ಎಚ್‌ಪಿಯ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕಡಿಮೆ ಬೆಲೆಯ ಕಾರಿನಲ್ಲಿ ಬಂದದ್ದು ಆಗಲೇ. ಆ ಫೋಟೋಗಳನ್ನು ನೋಡಿಕೊಂಡೇ ನಾನು ಕಾಲೇಜು ಮುಗಿಸಿದ್ದೆ. ಜೀಪಿನ ಬಾಡಿ ಕತ್ತರಿಸಿ ತಗ್ಗಿಸುವುದು, ದೊಡ್ಡ ಎಂಜಿನ್ ಕೂರಿಸುವುದು, ಹೀಗೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟಿದ್ದೆ.

ನಮ್ಮಲ್ಲಿ ಅದಕ್ಕೆ ದಾರಿ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿತು. 2021ರಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಬಂತು. ಅದರಲ್ಲೂ ಚಾಸಿಸ್, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಹೊಸ ನೋಂದಣಿಗೆ ಆಗ 20,000 ರೂಪಾಯಿ. ದಿನಬಳಕೆಗೆ ರಸ್ತೆಗಿಳಿಸುವ ಹಾಗಿಲ್ಲ. ನನಗೆ ಆಲ್ದೂರು ಸಂತೆಗೆ ಹೋಗುವ ಜೀಪು ಬೇಕಿತ್ತು. ಹಾಗಾಗಿ ಹಳೆಯ ಆರ್‌ಸಿಯನ್ನೇ ನವೀಕರಿಸುವುದು, ಎಂಜಿನ್ ನಂಬರು, ಚಾಸಿಸ್ ನಂಬರು ಎರಡನ್ನೂ ಮುಟ್ಟದೆ ಇಡುವುದು ಎಂದು ತೀರ್ಮಾನಿಸಿದೆ. ಬಾಡಿಯ ಮೇಲೆ ಕಟರ್ ಇಡುವ ಮೊದಲು ನೀವೂ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಕತ್ತರಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ, ಅಲ್ವಾ?

ಇನ್ನು ಆ 14 ಮಿಲಿಮೀಟರ್.

ಬಾಡಿ, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಇಳಿಸಿ ಬರೀ ಚಾಸಿಸ್ಸನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿದ್ದೆವು. ಲೆವೆಲ್ ನೋಡಲು ಗಾರೆಯವರು ಬಳಸುವ ನೀರಿನ ಪೈಪ್ ಸಾಕಾಯಿತು. ಮುಂದಿನ ಸ್ಪ್ರಿಂಗ್ ಕೂರುವ ಬೋಲ್ಟಿನ ತೂತು, ಹಿಂದಿನ ಸ್ಪ್ರಿಂಗ್ ಕೂರುವ ತೂತು, ಎರಡೂ ಬದಿಯವು ಸೇರಿ ನಾಲ್ಕು ಜಾಗದಿಂದ ದಾರ ಕಟ್ಟಿದ ತೂಕದ ಗುಂಡು ಇಳಿಬಿಟ್ಟೆವು. ಗುಂಡು ಅಲ್ಲಾಡದ ಹಾಗೆ ಶೆಡ್ಡಿನ ಬಾಗಿಲು ಹಾಕಿದೆವು. ಅದರ ಮೊನೆ ತೋರಿಸಿದ ಕಡೆ ಸಿಮೆಂಟ್ ನೆಲದ ಮೇಲೆ ಗುರುತು ಮಾಡಿದೆವು. ಆಮೇಲೆ ಚಾಸಿಸ್ಸನ್ನೇ ಪಕ್ಕಕ್ಕೆ ಸರಿಸಿ ನೆಲದ ಗುರುತುಗಳನ್ನು ಅಳೆದೆವು. ಹೀಗೆ ಮಾಡಿದರೆ ಟೇಪು ಎಲ್ಲೂ ತಡೆಯುವುದಿಲ್ಲ, ಜೋಲುವುದಿಲ್ಲ. ಎರಡು ಕರ್ಣಗಳು ಸಮ ಬಂದರೆ ಚಾಸಿಸ್ ಚೌಕವಾಗಿದೆ. ನಮ್ಮದು ಓರೆಯಾಗಿತ್ತು. ಎಡಗಡೆಯ ಉದ್ದ ಪಟ್ಟಿ ಬಲಗಡೆಯದಕ್ಕಿಂತ ಹಿಂದೆ ಜಾರಿತ್ತು. ಯಾವಾಗಲೋ ಮುಂದಿನ ಎಡಗಡೆಗೆ ಪೆಟ್ಟು ಬಿದ್ದಿದೆ. ಈ ಜೀಪು ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಆ ಮಾತು ಅವತ್ತು ಅರ್ಥವಾಯಿತು.

ನಾನು ಗ್ಯಾಸ್ ಟಾರ್ಚ್ ತರಲು ಎದ್ದೆ. ಕಾಕಾ ಬೇಡ ಎಂದರು. ಚಾಸಿಸ್ ಕೆಂಪಗೆ ಕಾಯಿಸಿದರೆ ಆ ಜಾಗದಲ್ಲಿ ಕಬ್ಬಿಣ ಮೆತ್ತಗಾಗುತ್ತದೆ, ತಣ್ಣಗೇ ಎಳೆಯಬೇಕು. ನಡುವಿನ ಅಡ್ಡಪಟ್ಟಿಯ ರಿವೆಟ್‌ಗಳು ಹೇಗೂ ಸಡಿಲವಾಗಿದ್ದವು, ಅವನ್ನು ತೆಗೆದೆವು. ಉದ್ದ ಬಂದ ಕರ್ಣಕ್ಕೆ ಚೈನ್ ಬ್ಲಾಕ್ ಕಟ್ಟಿದೆವು. ಗಿಡ್ಡ ಬಂದ ಕರ್ಣಕ್ಕೆ ದಪ್ಪ ಪೈಪು ಕೊಟ್ಟು, ತುದಿಗೆ ಹೈಡ್ರಾಲಿಕ್ ಜ್ಯಾಕ್ ಇಟ್ಟೆವು. ಒಂದು ಕಡೆ ಎಳೆತ, ಒಂದು ಕಡೆ ನೂಕು. 14 ಸರಿಯಾಯಿತು ಎಂದು ಬಿಟ್ಟರೆ 9ಕ್ಕೆ ವಾಪಸ್ ಬಂದು ನಿಲ್ಲುತ್ತಿತ್ತು. ಕಬ್ಬಿಣ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬರುತ್ತದೆ. ಸಮ ಆಗುವುದಕ್ಕಿಂತ ಆಚೆಗೆ ಎಳೆದು, ಅರ್ಧ ಗಂಟೆ ಹಾಗೇ ಬಿಟ್ಟು, ಸಡಿಲಿಸಿ ಅಳೆಯಬೇಕು. ಇದೊಂದಕ್ಕೇ ಮೂರು ಭಾನುವಾರ ಹಿಡಿಯಿತು. ಕೊನೆಗೆ 2 ಮಿಲಿಮೀಟರ್ ಉಳಿಯಿತು. ಟೇಪು ಹಿಡಿಯುವ ಕೈಯ ತಪ್ಪೇ ಅಷ್ಟಿರುತ್ತದೆ, ಅಲ್ಲಿಗೆ ನಿಲ್ಲಿಸಿದೆವು. ರಿವೆಟ್ ಜಾಗಕ್ಕೆ 8.8 ಗ್ರೇಡಿನ ಗಟ್ಟಿ ಬೋಲ್ಟ್‌ಗಳನ್ನು ತೂತಿಗೆ ಬಿಗಿಯಾಗಿ ಕೂರುವ ಹಾಗೆ ಹಾಕಿದೆ.

ತುಕ್ಕಿನ ಕೆಲಸ ಬೇರೆ ಥರದ್ದು. ಅದಕ್ಕೆ ಬುದ್ಧಿಗಿಂತ ತಾಳ್ಮೆ ಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೈಂಡರ್ ಹೊಡೆದು ಬೆಳ್ಳಗೆ ಮಾಡಿದ ಕಬ್ಬಿಣ ಬೆಳಗಾಗುವಷ್ಟರಲ್ಲಿ ಕಂದು ತಿರುಗುತ್ತದೆ. ಮೊದಲ ಮಳೆಗಾಲದಲ್ಲಿ ನಾನು ಇದೇ ತಪ್ಪು ಮಾಡಿದೆ. ಒಂದು ವಾರ ಉಜ್ಜಿದ ಬಾಡಿ ಇನ್ನೊಂದು ವಾರದಲ್ಲಿ ಮೊದಲಿನ ಹಾಗಾಯಿತು. ಆಮೇಲೆ ಒಂದು ಸಲಕ್ಕೆ ಎರಡು ಅಡಿ ಮಾತ್ರ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಅದೇ ಗಂಟೆಯಲ್ಲಿ ಪ್ರೈಮರ್ ಹೊಡೆಯುವ ರೂಢಿ ಮಾಡಿಕೊಂಡೆ. ನೆಲದ ತಗಡಿನ ಕೆಳಗಿನ ಪಟ್ಟಿಗಳಲ್ಲಿ ನಲವತ್ತು ವರ್ಷದ ಮಣ್ಣು, ಕಾಫಿ ಸಿಪ್ಪೆ ತುಂಬಿ ಕಲ್ಲಾಗಿತ್ತು. ಅಲ್ಲೆಲ್ಲ ತಗಡು ಬೆರಳಿಗೇ ಮುರಿಯುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ 18 ಗೇಜಿನ ಹೊಸ ತಗಡು ಹಾಕಿದೆ. ತೆಳು ತಗಡಿಗೆ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಬಿಸಿಗೆ ಅಲೆ ಏಳುತ್ತದೆ. ಇಲ್ಲೊಂದು ಚುಕ್ಕೆ, ಅರ್ಧ ಅಡಿ ಆಚೆ ಇನ್ನೊಂದು, ಆರಲು ಬಿಟ್ಟು ಮತ್ತೆ ನಡುವೆ ಒಂದು, ಹೀಗೇ ತುಂಬಿಕೊಂಡು ಬರಬೇಕು. ಛಾವಣಿಗೆ ತಂದು ಉಳಿದ ಜಿಐ ತಗಡು ಇದೆಯಲ್ಲ ಎಂದು ಅದನ್ನು ಬಳಸಬೇಡಿ. ಮೇಲಿನ ಸತು ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ.

ಎಂಜಿನ್ ಕಚ್ಚಿಕೊಂಡಿತ್ತು. ಪ್ಲಗ್ ತೂತಿನಿಂದ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಬಿಟ್ಟು, ದಿನಾ ಸಂಜೆ ಹ್ಯಾಂಡಲ್ ಹಾಕಿ ಮೆಲ್ಲಗೆ ಆಚೀಚೆ ಒತ್ತುತ್ತಿದ್ದೆ. ಹನ್ನೊಂದನೇ ದಿನ ಒಂದು ಕೂದಲಿನಷ್ಟು ಅಲ್ಲಾಡಿತು. ಅಡುಗೆಮನೆಗೆ ಓಡಿಹೋಗಿ ಅಜ್ಜಿಗೆ ಹೇಳಿದೆ. "ಅಜ್ಜ ಇರಬೇಕಿತ್ತು ಮಗಾ" ಎಂದರು.

ಸಿಜೆ-3ಬಿಯ ಬಾನೆಟ್ ಎತ್ತರ ಇರುವುದು ಈ ಹರಿಕೇನ್ ಎಂಜಿನ್‌ಗಾಗಿ. 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್. ಹಳೆಯ ವಿಲ್ಲಿಸ್ ಜೀಪಿನಲ್ಲಿ ಎಲ್ಲ ವಾಲ್ವ್‌ಗಳೂ ಬ್ಲಾಕಿನಲ್ಲೇ, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಒಡಲಲ್ಲೇ ಇದ್ದವು. ಇದರಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಲೆಟ್ ವಾಲ್ವ್‌ಗಳು ಮೇಲಿನ ಮುಚ್ಚಳವಾದ ಹೆಡ್‌ಗೆ ಹೋದವು, ಹೊಗೆ ಹೊರಬಿಡುವ ಎಕ್ಸಾಸ್ಟ್ ಮಾತ್ರ ಬ್ಲಾಕಿನಲ್ಲಿ ಉಳಿಯಿತು. ಹಾಗಾಗಿ ಎಂಜಿನ್ ಎತ್ತರವಾಯಿತು. ಹೆಡ್ ಬಿಚ್ಚುವವರು ಒಂದು ವಿಷಯ ನೆನಪಿಡಿ. ಒಂದು ಬೋಲ್ಟ್ ಕಾರ್ಬುರೇಟರ್ ಕೆಳಗೆ, ಗಾಳಿ ಹೋಗುವ ಬಾಯಿಯ ಒಳಗೆ ಅಡಗಿದೆ. ಕಾರ್ಬುರೇಟರ್ ತೆಗೆಯದೆ ಅದು ಕಾಣುವುದಿಲ್ಲ. ಗೊತ್ತಿಲ್ಲದೆ ಹೆಡ್ಡಿಗೆ ಕಬ್ಬಿಣದ ಸರಳು ಕೊಟ್ಟು ಮೀಟಿದರೆ ಹೆಡ್ ಒಡೆಯುತ್ತದೆ.

ಬೋರ್ ಹೊಡೆಸುವಾಗ, ಅಂದರೆ ಸವೆದ ಸಿಲಿಂಡರ್‌ಗಳನ್ನು ಕೊರೆಸಿ ಅಗಲ ಮಾಡಿಸುವಾಗ, ಪೆಟ್ಟು ತಿಂದೆ. 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜ್ ಎಂದು ಹೇಳಿ ಬ್ಲಾಕ್ ಕೊಟ್ಟು ಬಂದಿದ್ದೆ. ಆಮೇಲೆ ಪಿಸ್ಟನ್ ತಂದು ಕೂರಿಸಿದರೆ ಮೂರನೇ ಸಿಲಿಂಡರ್‌ನಲ್ಲಿ ಲೂಸು. ಎಲ್ಲವನ್ನೂ 40 ಥೌಗೆ ಮತ್ತೆ ಹೊಡೆಸಬೇಕಾಯಿತು. ಈ ಸಲ ಹಾಸನಕ್ಕೆ ಒಯ್ದೆ, ಪಿಸ್ಟನ್‌ಗಳನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಪಿಸ್ಟನ್ ಮೊದಲು ತನ್ನಿ, ಒಂದೊಂದನ್ನೂ ಅಳೆಸಿ ಅದಕ್ಕೆ ತಕ್ಕ ಹಾಗೆ ಬೋರ್ ಹೊಡೆಸಿ.

ಈಗ ನನಗೆ ತುಂಬ ಇಷ್ಟವಾದ ಕೆಲಸಕ್ಕೆ ಬರುತ್ತೇನೆ. ಆ ಕ್ಯಾಲಿಫೋರ್ನಿಯಾದ ಹುಡುಗರ ವಿದ್ಯೆಯಲ್ಲಿ ಒಂದನ್ನು ನಾನು ಪೂರ್ತಿ ಮಾಡಬಹುದಿತ್ತು. ಅದಕ್ಕೆ ಕಾನೂನು ಅಡ್ಡ ಬರುವುದಿಲ್ಲ, ಗಾಡಿಯ ರೂಪವೂ ಬದಲಾಗುವುದಿಲ್ಲ. ಎಂಜಿನ್ನಿನೊಳಗೆ ಓಡಾಡುವ ಭಾಗಗಳ ತೂಕ ಸಮ ಮಾಡುವುದು. ನಾಲ್ಕು ಸಿಲಿಂಡರ್‌ನಲ್ಲಿ 1 ಮತ್ತು 4 ಮೇಲೆ ಹೋಗುವಾಗ 2 ಮತ್ತು 3 ಕೆಳಗೆ ಬರುತ್ತವೆ. ಒಂದು ಭಾರ, ಒಂದು ಹಗುರ ಆದರೆ ಆ ವ್ಯತ್ಯಾಸವೇ ನಡುಕವಾಗಿ ಬೇರಿಂಗ್‌ಗೆ, ಚಾಸಿಸ್‌ಗೆ, ನಮ್ಮ ಸೊಂಟಕ್ಕೆ ಬರುತ್ತದೆ. ಮನೆಯಲ್ಲಿ ಏಲಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು, 1 ಗ್ರಾಂವರೆಗೆ ತೋರಿಸುತ್ತದೆ. ಹೊಸ ಪಿಸ್ಟನ್‌ಗಳಲ್ಲೇ 6 ಗ್ರಾಂ ವ್ಯತ್ಯಾಸ ಇತ್ತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳಲ್ಲಿ 17 ಗ್ರಾಂ!

ರಾಡನ್ನು ಸುಮ್ನೆ ಇಡಿಯಾಗಿ ತೂಗಿದರೆ ಸಾಲದು. ಅದರ ದೊಡ್ಡ ತುದಿ ಸುತ್ತುತ್ತದೆ, ಚಿಕ್ಕ ತುದಿ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ಎರಡೂ ತುದಿಯನ್ನು ಬೇರೆ ಬೇರೆ ತೂಗಬೇಕು. ಒಂದು ತುದಿಯನ್ನು ದಾರದಲ್ಲಿ ನೇತುಹಾಕಿ, ಇನ್ನೊಂದು ತುದಿಯನ್ನು ತಕ್ಕಡಿಯ ಮೇಲಿಟ್ಟು, ರಾಡ್ ಮಟ್ಟವಾಗಿದೆಯಾ ನೋಡಿ ಬರೆದುಕೊಂಡೆ. ಎಲ್ಲಕ್ಕಿಂತ ಹಗುರವಾದದ್ದನ್ನು ಅಳತೆಯಾಗಿಟ್ಟು ಉಳಿದವನ್ನು ಅರದಿಂದ ಉಜ್ಜಿ ಇಳಿಸಿದೆ. ಉಜ್ಜುವುದು ರಾಡಿನ ಉದ್ದಕ್ಕೆ ಮಾತ್ರ. ಅಡ್ಡ ಗೀರು ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಕೊನೆಗೆ ಎಮರಿ ಪೇಪರ್ ಹಾಕಿ ಗೀರೆಲ್ಲ ತೆಗೆದೆ. ಪಿಸ್ಟನ್ನಿನಲ್ಲಿ ಒಳಗಿನಿಂದ, ಪಿನ್ ಕೂರುವ ಉಬ್ಬಿನ ಕೆಳಭಾಗದಲ್ಲಿ ಸ್ವಲ್ಪ ಸ್ವಲ್ಪ ಉಜ್ಜಿದೆ. ಹೊರಮೈ ಮುಟ್ಟಲಿಲ್ಲ. ಆರು ರಾತ್ರಿ ಕೂತೆ. ಹೊರಗೆ ಧೋ ಮಳೆ, ಒಳಗೆ ಅರದ ಸದ್ದು. ನಾಲ್ಕೂ ರಾಡ್, ನಾಲ್ಕೂ ಪಿಸ್ಟನ್ ತಕ್ಕಡಿಯಲ್ಲಿ ಒಂದೇ ಅಂಕಿ ತೋರಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೋಡಣೆಯಲ್ಲಿ ಕಾಕಾ ಪೂರ್ತಿ ಜೊತೆಗಿದ್ದರು. ಇನ್‌ಲೆಟ್ ವಾಲ್ವ್ ಗ್ಯಾಪ್ 18 ಥೌ, ಎಕ್ಸಾಸ್ಟ್ 16, ಪಾಯಿಂಟ್ ಗ್ಯಾಪ್ 20, ಪ್ಲಗ್ 30. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಇವನ್ನು ಶೆಡ್ಡಿನ ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿಟ್ಟಿದ್ದೆ, ಇನ್ನೂ ಅಳಿಸಿಲ್ಲ.

ಬ್ರೇಕ್ ಬಗ್ಗೆ ಒಂದೇ ಮಾತು. ಈ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಹೈಡ್ರಾಲಿಕ್ ಲೈನು. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಹಳೆಯ ಪೈಪಿನಲ್ಲಿ ಒಂದನ್ನೂ ಉಳಿಸಲಿಲ್ಲ, ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಎಲ್ಲ ಹೊಸದು. ದುಡ್ಡು ಉಳಿಸಬೇಕಾದರೆ ಸೀಟಿನಲ್ಲಿ ಉಳಿಸಿ, ಪೇಂಟಿನಲ್ಲಿ ಉಳಿಸಿ.

ಪೇಂಟ್ ನಾನೇ ಹೊಡೆದೆ, 2024ರ ಫೆಬ್ರವರಿಯ ಒಣ ಬಿಸಿಲಲ್ಲಿ. ಅಜ್ಜ ಇಟ್ಟಿದ್ದ ಅದೇ ಹಸಿರು. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದ್ದೆ. ಆದರೂ ಬಾನೆಟ್ ಮೇಲೆ ಒಂದೆರಡು ನೊಣ ಅಂಟಿದವು.

ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಹೂವಾಗಿದ್ದ ವಾರ ಅದು ಸ್ಟಾರ್ಟ್ ಆಯಿತು. ಮೂರನೇ ಸಲ ಸೆಲ್ಫ್ ಹೊಡೆದಾಗ. ಕಾಕಾ ಬಾನೆಟ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು, "ಹೊಸತಾಗಿ ಬಂದಾಗ ಕೂಡ ಇಷ್ಟು ನುಣ್ಣಗೆ ಇರಲಿಲ್ಲ ಗೌಡ್ರೇ" ಎಂದರು.

ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಲ್ದೂರಿಗೆ ಹೋಗಿ ಬಂದೆ. ನೇರ ರಸ್ತೆಯಲ್ಲಿ ಒಂದು ಕ್ಷಣ ಸ್ಟೀರಿಂಗ್ ಮೇಲಿನ ಹಿಡಿತ ಸಡಿಲಿಸಿದೆ. ಎಡಕ್ಕೆ ಎಳೆಯಲಿಲ್ಲ. ಈಗ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ರಾತ್ರಿಗೆ ನಾಲ್ಕೈದು ಹನಿ ಆಯಿಲ್ ಬೀಳುತ್ತದೆ. ಕೆಳಗೆ ಒಂದು ತಟ್ಟೆ ಇಟ್ಟಿದ್ದೇನೆ. ಕಾಫಿ ಕೊಯ್ಲು ಮುಗಿದ ಮೇಲೆ ಆ ಸೀಲ್ ಬಿಚ್ಚಬೇಕು.